ಮಳೆ ‘ಪಿಕ್ ಅಪ್’ ಆದರೆ ಒಳಗೆ, ವೆದರ್ ‘ಪಿಕ್ ಅಪ್’ ಆದರೆ ಹೊರಗೆ

ಪ್ರಶ್ನೆ: ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಹೊರದೇಶದ ಅತಿಥಿಗಳೂ ಬರುತ್ತಾರೆ. ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. ಇಂಗ್ಲಿಷ್ ಮಾತಾಡುತ್ತೇನೆ, ಆದರೆ ‘ಪಿಕ್ ಅಪ್’ ಅನ್ನುವ ಮಾತು ಮಾತ್ರ ನನಗೆ ಬಗೆಹರಿಯುತ್ತಿಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬರು ‘ದ ರೇನ್ ಈಸ್ ಪಿಕಿಂಗ್ ಅಪ್’ ಅಂತ ಹೇಳಿ ಜಗಲಿಯಿಂದ ಒಳಗೆ ಬಂದರು. ಮಾರನೇ ದಿನ ಅವರೇ ‘ದ ವೆದರ್ ಈಸ್ ಪಿಕಿಂಗ್ ಅಪ್’ ಅಂತ ಹೇಳಿ ಬೂಟು ಹಾಕಿಕೊಂಡು ತೋಟ ಸುತ್ತಲು ಹೊರಟರು. ಇದು ಹೇಗೆ? ಇನ್ನೊಬ್ಬರು ‘ವೇರ್ ಡಿಡ್ ಯೂ ಪಿಕ್ ಅಪ್ ಯುವರ್ ಇಂಗ್ಲಿಷ್?’ ಅಂತ ಕೇಳಿದರು. ಎಲ್ಲೋ ಬಿದ್ದದ್ದನ್ನು ಎತ್ತಿಕೊಂಡೆ ಅನ್ನುವ ಹಾಗೆ ಕೇಳಿಸಿ ಮನಸ್ಸಿಗೆ ನೋವಾಯಿತು. ನಾನು ತಪ್ಪು ತಿಳಿದೆನಾ? ಕೊನೆಗೆ ಒಂದು: ಗೇಟಿನ ಬೋರ್ಡಿಗೆ ‘ಪಿಕಪ್’ ಅಂತ ಬರೆಸಬೇಕು. ಅದು ಇಂಗ್ಲಿಷಿನಲ್ಲಿ ಒಂದು ಪದವೋ ಎರಡೋ?

ಉತ್ತರ: ನಿಮ್ಮ ಕಿವಿ ಬಹಳ ಚೆನ್ನಾಗಿದೆ. ಮಳೆಗೂ ವೆದರ್‌ಗೂ ಒಂದೇ ಮಾತು ಬಂದು ಅರ್ಥ ಉಲ್ಟಾ ಆದದ್ದನ್ನು ಇಂಗ್ಲಿಷ್ ಎಂ.ಎ. ಓದುವ ಮಕ್ಕಳೂ ಎಷ್ಟೋ ಸಲ ಗಮನಿಸುವುದಿಲ್ಲ. ಮಡಿಕೇರಿ, ವಿರಾಜಪೇಟೆ ಕಡೆ ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಈ ಪ್ರಶ್ನೆಯನ್ನು ಯಾರೂ ಇಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ನಮ್ಮ ‘ಏರು’ ಅನ್ನುವ ಮಾತನ್ನೇ ನೋಡಿ. ಜ್ವರ ಏರಿತು ಅಂದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಕಾಫಿ ರೇಟು ಏರಿತು ಅಂದರೆ ಅದೇ ಮನೆಯಲ್ಲಿ ಎಲ್ಲರ ಮುಖ ಅರಳುತ್ತದೆ. ಜ್ವರ ಇಳಿದರೆ ನೆಮ್ಮದಿ, ರೇಟು ಇಳಿದರೆ ಚಿಂತೆ. ಏರು, ಇಳಿ ಎರಡರ ಅರ್ಥವೂ ಬದಲಾಗಲಿಲ್ಲ. ಏರಿದ್ದು ಯಾವುದು ಅನ್ನುವುದು ಬದಲಾಯಿತು, ಅಷ್ಟೇ. ‘ಪಿಕ್ ಅಪ್’ ಕೂಡ ಹಾಗೆಯೇ. ಅದರ ಜೊತೆ ಕರ್ಮಪದ ಇಲ್ಲದೆ, ಅಂದರೆ ‘ಏನನ್ನು’ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲದೆ ಅದು ಬಂದಾಗ, ಯಾವುದೋ ಒಂದು ಮೇಲಕ್ಕೆ ಹೋಗುತ್ತಿದೆ ಎಂದು ಅರ್ಥ. ಮಳೆ ಅಂದರೆ ಅದರ ಜೋರು ಮೇಲೆ ಹೋಗುತ್ತದೆ. ಗಾಳಿ ಅಂದರೆ ಅದರ ಬೀಸು. ಆದರೆ ವೆದರ್ ಅನ್ನುವುದಕ್ಕೆ ಜೋರು ಅಂತ ಒಂದಿಲ್ಲ. ವೆದರ್ ಚೆನ್ನಾಗಿರುತ್ತದೆ ಅಥವಾ ಕೆಟ್ಟಿರುತ್ತದೆ. ಹಾಗಾಗಿ ‘ದ ವೆದರ್ ಈಸ್ ಪಿಕಿಂಗ್ ಅಪ್’ ಅಂದರೆ ಚೆನ್ನಾಗಿರುವುದು ಹೆಚ್ಚುತ್ತಿದೆ, ಮೋಡ ಸರಿಯುತ್ತಿದೆ, ಹೊರಗೆ ಹೋಗಬಹುದು. ನಿಮ್ಮ ಅತಿಥಿ ಎರಡು ದಿನವೂ ಸರಿಯಾಗಿಯೇ ಹೇಳಿದರು.

ಕಾಯಿಲೆ ಬಿದ್ದು ಎದ್ದವರ ಬಗ್ಗೆ ‘ಶಿ ಈಸ್ ಪಿಕಿಂಗ್ ಅಪ್’ ಅಂದರೆ ಚೇತರಿಸಿಕೊಳ್ಳುತ್ತಿದ್ದಾರೆ. ‘ಬಿಸಿನೆಸ್ ಈಸ್ ಪಿಕಿಂಗ್ ಅಪ್’ ಅಂದರೆ ವ್ಯಾಪಾರ ಕುದುರುತ್ತಿದೆ. ಡಿಸೆಂಬರ್ ರಜೆ ಹತ್ತಿರ ಬಂದಾಗ ನೀವೇ ಇದನ್ನು ಹೇಳಬಹುದು. ಜೀಪು ‘ಪಿಕ್ ಅಪ್ ಸ್ಪೀಡ್’ ಮಾಡಿತು ಅಂದರೆ ವೇಗ ತಗೊಂಡಿತು. ನಾವು ‘ಈ ಗಾಡಿಗೆ ಪಿಕಪ್ ಇಲ್ಲ, ಏರಿನಲ್ಲಿ ಎಳೆಯಲ್ಲ’ ಅನ್ನುವುದು ಈ ಅರ್ಥದಿಂದಲೇ ಬಂದದ್ದು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ‘ಅಪ್’ ಇದ್ದ ಕಡೆಯೆಲ್ಲ ಹೆಚ್ಚಾಗುತ್ತದೆ ಅಂತ ತಿಳಿಯಬೇಡಿ. ‘ದ ರೇನ್ ಈಸ್ ಲೆಟಿಂಗ್ ಅಪ್’ ಅಂದರೆ ಮಳೆ ಕಡಿಮೆಯಾಗುತ್ತಿದೆ. ಅಲ್ಲೂ ‘ಅಪ್’ ಇದೆ, ಆದರೆ ಕೆಲಸ ಮಾಡುವುದು ‘ಲೆಟ್’, ಅಂದರೆ ಬಿಡು. ನಾವೂ ‘ಮಳೆ ಬಿಟ್ಟಿತು’ ಅನ್ನುತ್ತೇವಲ್ವಾ? ಎರಡು ಭಾಷೆಯವರಿಗೂ ಮಳೆ ಅಂದರೆ ಹಿಡಿದುಕೊಂಡು ಆಮೇಲೆ ಬಿಡುವಂಥದ್ದು. ಇದನ್ನು ಗಮನಿಸಿದಾಗ ನನಗೆ ಬಹಳ ಸಂತೋಷವಾಗಿತ್ತು. ನಿಮ್ಮ ಕಡೆ ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಈ ಎರಡು ಮಾತು, ‘ಪಿಕಿಂಗ್ ಅಪ್’ ಮತ್ತು ‘ಲೆಟಿಂಗ್ ಅಪ್’, ದಿನಾ ಬೇಕಾಗುತ್ತವೆ. ಇವನ್ನು ಜೋಡಿಯಾಗಿ ನೆನಪಿಟ್ಟುಕೊಳ್ಳಿ.

ಈಗ ಮೂಲಕ್ಕೆ ಹೋಗೋಣ. ನಮ್ಮ ಕೊಡಗಿನವರಿಗೆ ಇದನ್ನು ತೋಟದಲ್ಲೇ ತೋರಿಸಬಹುದು.

ಗಿಡದಿಂದ ಕಾಫಿ ಕುಯ್ಯುವುದು ‘ಪಿಕ್’. ನವೆಂಬರ್ ಹೊತ್ತಿಗೆ ಅರೇಬಿಕಾ, ಆಮೇಲೆ ರೋಬಸ್ಟಾ, ಎರಡಕ್ಕೂ ಇಂಗ್ಲಿಷಿನಲ್ಲಿ ‘ಕಾಫಿ ಪಿಕಿಂಗ್’ ಅಂತಲೇ ಹೇಳುತ್ತಾರೆ. ಅಲ್ಲಿ ‘ಅಪ್’ ಬರುವುದಿಲ್ಲ. ಆದರೆ ಕುಯ್ಯುವಾಗ ಒಂದಷ್ಟು ಹಣ್ಣು ನೆಲಕ್ಕೆ ಬೀಳುತ್ತದೆ. ಎಲೆ ಸರಿಸಿ ಅದನ್ನು ಹೆಕ್ಕಬೇಕು. ಬಿಟ್ಟರೆ ಬೆರ್ರಿ ಬೋರರ್ ಹುಳ ಅದರಲ್ಲೇ ಉಳಿದು ಮುಂದಿನ ವರ್ಷದ ಫಸಲಿಗೆ ಹತ್ತುತ್ತದೆ. ನಮ್ಮ ತಾಯಿ ಸೊಂಟ ಬಗ್ಗಿಸಿ ಹೀಗೆ ಹೆಕ್ಕುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಕುಯ್ಲಿನ ಕೂಲಿಗಿಂತ ಆ ಕೆಲಸ ಸೊಂಟಕ್ಕೆ ಜಾಸ್ತಿ ಕಷ್ಟ. ಈ ಹೆಕ್ಕುವುದೇ ‘ಪಿಕ್ ಅಪ್’. ಗಿಡದಿಂದ ಬಿಡಿಸಿದರೆ ‘ಪಿಕ್’, ನೆಲದಿಂದ ಕೈಗೆ ಬಂದರೆ ‘ಪಿಕ್ ಅಪ್’. ಪಿಕ್ ಅನ್ನುವುದಕ್ಕೆ ಆರಿಸು ಅನ್ನುವ ಅರ್ಥವೂ ಇದೆ. ಬಿಡಿಸುವುದು ಮತ್ತು ಆರಿಸುವುದು ಹತ್ತಿರದ ಕೆಲಸಗಳು. ಹಣ್ಣಾದದ್ದನ್ನು ಆರಿಸಿಯೇ ತಾನೆ ಕುಯ್ಯುವುದು?

ಹೀಗೆ ಕೆಳಗೆ ಇದ್ದದ್ದು, ಬಿಟ್ಟುಹೋದದ್ದು, ಕಾಯುತ್ತಾ ಇದ್ದದ್ದು ಕೈಗೆ ಬರುವುದು. ಈ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಅರ್ಥಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಹಳೇ ಫೋನಿನ ರಿಸೀವರ್ ಕೆಳಗೆ ಕೂತಿರುತ್ತಿತ್ತು, ಅದನ್ನು ಎತ್ತುತ್ತಿದ್ದರು. ಈಗ ಎತ್ತುವುದಕ್ಕೆ ಏನೂ ಇಲ್ಲ, ಬೆರಳು ಒತ್ತುತ್ತೇವೆ. ಆದರೂ ಇಂಗ್ಲಿಷಿನಲ್ಲಿ ‘ಪಿಕ್ ಅಪ್’, ಕನ್ನಡದಲ್ಲಿ ‘ಫೋನ್ ಎತ್ತು’ ಎರಡೂ ಉಳಿದುಕೊಂಡಿವೆ. ಊಟ ಮುಗಿದ ಮೇಲೆ ಬಿಲ್ಲು ಮೇಜಿನ ಮೇಲೆ ಇರುತ್ತದೆ. ಅದನ್ನು ಎತ್ತಿಕೊಂಡವರು ದುಡ್ಡು ಕೊಡುತ್ತಾರೆ. ಹಾಗಾಗಿ ‘ಐ ವಿಲ್ ಪಿಕ್ ಅಪ್ ದ ಬಿಲ್’ ಅಂದರೆ ದುಡ್ಡು ನಾನು ಕೊಡುತ್ತೇನೆ. ಅಮೆರಿಕದವರು ಬಿಲ್ ಬದಲು ‘ಟ್ಯಾಬ್’ ಅನ್ನಬಹುದು. ಕಂಪ್ಯೂಟರಿನ ಟ್ಯಾಬ್ ಕೇಳುತ್ತಿದ್ದಾರೆ ಅಂತ ತಿಳಿಯಬೇಡಿ.

ದಾರಿಯಲ್ಲಿ ನಿಂತವರನ್ನು ಗಾಡಿಗೆ ಹತ್ತಿಸಿಕೊಳ್ಳುವುದೂ ಇದೇ ಚಿತ್ರ. ಕೊಡಗಿಗೆ ರೈಲು ನಿಲ್ದಾಣ ಇಲ್ಲ. ಬರುವವರು ಮೈಸೂರಿನಲ್ಲೋ ತಲಶ್ಶೇರಿಯಲ್ಲೋ ರೈಲು ಇಳಿಯುತ್ತಾರೆ. ಇಲ್ಲವೇ 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣದಿಂದ ಬರುತ್ತಾರೆ. ಆಮೇಲೆ ಬಸ್ಸು, ಕೊನೆಗೆ ನಿಮ್ಮ ಜೀಪು. ಹಾಗಾಗಿ ನಿಮ್ಮ ಕೆಲಸದಲ್ಲಿ ‘ಕುಡ್ ಯೂ ಪಿಕ್ ಅಸ್ ಅಪ್?’ ಅನ್ನುವುದು ಬೇರೆಲ್ಲ ಅರ್ಥಕ್ಕಿಂತ ಹೆಚ್ಚು ಸಲ ಬರುತ್ತದೆ. ‘ವಿ ವಿಲ್ ಪಿಕ್ ಅಪ್ ಸಮ್ ಹನಿ ಆನ್ ದ ವೇ’ ಅಂದರೆ ಜೇನನ್ನು ಪುಕ್ಕಟೆ ಎತ್ತಿಕೊಂಡು ಹೋಗುತ್ತಾರೆ ಅಂತಲ್ಲ. ದಾರಿಯಲ್ಲಿ ಹಾಗೇ ಒಂದು ಬಾಟಲಿ ಕೊಂಡುಕೊಳ್ಳುತ್ತಾರೆ. ‘ಬರ್ತಾ ಒಂದು ಪ್ಯಾಕೆಟ್ ಹಾಲು ತಗೊಂಡು ಬಾ’ ಅಂತ ನಾವು ಹೇಳುವಾಗ ಇರುವ ಆ ಸರಾಗವೇ ಅದರಲ್ಲಿದೆ. ಮದುವೆಗೆ ಒಡವೆ ಕೊಂಡದ್ದಕ್ಕೆ ಸಾಮಾನ್ಯವಾಗಿ ‘ಪಿಕ್ ಅಪ್’ ಅನ್ನುವುದಿಲ್ಲ. ಯೋಚಿಸಿ, ಅಂಗಡಿ ಸುತ್ತಿ, ಚೌಕಾಸಿ ಮಾಡಿ ತಂದ ವಸ್ತುವಿಗೆ ಆ ಮಾತು ತೀರಾ ಹಗುರ.

ಈ ಹಗುರ ಅನ್ನುವ ಮಾತೇ ನಿಮ್ಮ ನೋವಿಗೆ ಉತ್ತರ.

ಭಾಷೆಯ ಜೊತೆ ‘ಪಿಕ್ ಅಪ್’ ಬಂದರೆ ಅದು ಹೊಗಳಿಕೆ. ಯಾರೂ ಕೂರಿಸಿ ಪಾಠ ಮಾಡದೆ, ಕೇಳಿ ಕೇಳಿ, ಬಾಯಿಗೆ ತಂದುಕೊಂಡದ್ದು ಅಂತ ಅರ್ಥ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ಮನೆಯಲ್ಲಿ ಕೊಡವ ತಕ್ಕ್ ಆಡುವ ಮಗು ಪಕ್ಕದ ಮನೆಯಲ್ಲಿ ಅರೆಭಾಷೆ ಕೇಳುತ್ತದೆ, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಹತ್ತು ವರ್ಷ ಆಗುವಷ್ಟರಲ್ಲಿ ಎಲ್ಲವೂ ಬಾಯಲ್ಲಿರುತ್ತದೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು ಒಂದೆರಡು ಕುಯ್ಲು ಮುಗಿಯುವಷ್ಟರಲ್ಲಿ ಕನ್ನಡದಲ್ಲಿ ಲೆಕ್ಕ ಕೇಳುತ್ತಾರೆ. ಇವರೆಲ್ಲ ಭಾಷೆಯನ್ನು ‘ಪಿಕ್ ಅಪ್’ ಮಾಡಿದವರು. ಅದರಲ್ಲಿ ಕೀಳು ಏನೂ ಇಲ್ಲ. ಕಲಿಕೆಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇಲ್ಲ ಅಂತಲೇ ನಾನು ನಂಬಿದ್ದೇನೆ.

ಆದರೆ ನಿಮಗೆ ಚುಚ್ಚಿದ್ದು ಸುಮ್ನೆ ಅಲ್ಲ. ಆ ಮಾತಿನಲ್ಲಿ ‘ಶ್ರಮ ಇಲ್ಲದೆ ಬಂತು’ ಅನ್ನುವ ಛಾಯೆ ಇದ್ದೇ ಇದೆ. ನೀವು ರಾತ್ರಿ ದೀಪ ಹಚ್ಚಿಕೊಂಡು ಗ್ರಾಮರ್ ಓದಿ ಕಲಿತಿದ್ದರೆ ಆ ಮಾತು ನಿಮಗೆ ಪೂರ್ತಿ ಒಪ್ಪುವುದಿಲ್ಲ. ಹಾಗಿದ್ದರೆ ನಗುತ್ತಾ ಹೀಗೆ ಹೇಳಿ: ‘ಐ ಸ್ಟಡೀಡ್ ಇಟ್ ಅಟ್ ಸ್ಕೂಲ್, ಅಂಡ್ ಪಿಕ್ಡ್ ಅಪ್ ದ ರೆಸ್ಟ್ ಫ್ರಮ್ ಅವರ್ ಗೆಸ್ಟ್ಸ್.’ ಶಾಲೆಯಲ್ಲಿ ಓದಿದೆ, ಉಳಿದದ್ದು ಅತಿಥಿಗಳಿಂದ ಬಂತು. ಇದರಲ್ಲಿ ಸತ್ಯವೂ ಇದೆ, ಗೌರವವೂ ಇದೆ. ಕೇಳಿದವರಿಗೆ ನಿಮ್ಮ ಇಂಗ್ಲಿಷ್ ಎಷ್ಟು ಪಳಗಿದೆ ಅನ್ನುವುದೂ ಗೊತ್ತಾಗುತ್ತದೆ.

ಇನ್ನರ್ಧ ಅರ್ಥಗಳಿಗೆ ನಮ್ಮ ‘ಹಿಡಿ’ ಅನ್ನುವ ಕ್ರಿಯಾಪದ ಸಾಕು. ಇದು ಬಹಳ ಹಳೇ ಮಾತು. ಹಳಗನ್ನಡದಲ್ಲಿ ‘ಪಿಡಿ’. ಗಡಿ ದಾಟಿದರೆ ಮಲಯಾಳದಲ್ಲಿ ಇವತ್ತಿಗೂ ‘ಪಿಡಿ’ಯೇ. ಅದು ಎಷ್ಟು ಕೆಲಸ ಮಾಡುತ್ತದೆ ನೋಡಿ. ಶೀತ ಹಿಡಿಯಿತು: ‘ಐ ಪಿಕ್ಡ್ ಅಪ್ ಎ ಕೋಲ್ಡ್’. ರೇಡಿಯೋದಲ್ಲಿ ಮಡಿಕೇರಿ ಸ್ಟೇಷನ್ ಹಿಡಿಯುತ್ತದೆ, ಗುಡ್ಡದ ಆ ಬದಿ ಹೋದರೆ ಫೋನಿಗೆ ಸಿಗ್ನಲ್ ಹಿಡಿಯಲ್ಲ: ಎರಡಕ್ಕೂ ‘ಪಿಕ್ ಅಪ್’. ನಾಯಿ ವಾಸನೆ ಹಿಡಿಯಿತು, ವಾಚರ್‌ಗಳು ಆನೆಯ ಜಾಡು ಹಿಡಿದರು: ‘ಪಿಕ್ಡ್ ಅಪ್ ದ ಸೆಂಟ್’, ‘ಪಿಕ್ಡ್ ಅಪ್ ದ ಟ್ರೇಲ್’. ಪೊಲೀಸರು ಹಿಡಿದುಕೊಂಡು ಹೋದರು: ‘ಪಿಕ್ಡ್ ಹಿಮ್ ಅಪ್’. ಇಷ್ಟು ದೂರ ಎರಡು ಭಾಷೆಗಳು ಜೊತೆಜೊತೆಯಾಗಿ ನಡೆಯುವುದು ಅಪರೂಪ.

ಒಂದು ವ್ಯತ್ಯಾಸ ಗಮನಿಸಿ. ಕನ್ನಡದಲ್ಲಿ ಶೀತ ನಮ್ಮನ್ನು ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ನಾವು ಶೀತವನ್ನು ಎತ್ತಿಕೊಳ್ಳುತ್ತೇವೆ. ಹಾಗಂತ ಬೇಕು ಅಂತ ತಂದುಕೊಂಡದ್ದಲ್ಲ. ಹಾಕಿ ಆಡುವವನು ‘ಪಿಕ್ಡ್ ಅಪ್ ಅನ್ ಇಂಜುರಿ’ ಅಂದರೆ ಪೆಟ್ಟು ಮಾಡಿಕೊಂಡ, ‘ಪಿಕ್ಡ್ ಅಪ್ ಎ ಯೆಲ್ಲೋ ಕಾರ್ಡ್’ ಅಂದರೆ ಹಳದಿ ಕಾರ್ಡ್ ತಿಂದ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ನಿಮ್ಮ ಅತಿಥಿಗಳನ್ನು ಕರೆದುಕೊಂಡು ಹೋದರೆ ಈ ಎರಡೂ ಮಾತು ಅವರ ಬಾಯಲ್ಲಿ ಕೇಳಿಸಬಹುದು. ನಾವೂ ‘ಪೆಟ್ಟು ಮಾಡಿಕೊಂಡ’ ಅನ್ನುತ್ತೇವೆ. ಯಾರಾದರೂ ಬೇಕಂತ ಪೆಟ್ಟು ಮಾಡಿಕೊಳ್ಳುತ್ತಾರಾ?

ನೀವು ಕೇಳಿದ್ದು ಒಂದು ಮಾತಿನ ಬಗ್ಗೆ. ಆದರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ಇದೆ ಅನ್ನಿಸುತ್ತದೆ: ಇಂಗ್ಲಿಷಿನವರು ಯಾಕೆ ಹೀಗೆ ಮಾಡಿಕೊಂಡರು? ಈ ತೊಂದರೆ ನಮಗೊಬ್ಬರಿಗೇ ಅಲ್ಲ. ಸ್ಯಾಮ್ಯುಯಲ್ ಜಾನ್ಸನ್ 1755ರಲ್ಲಿ ತಮ್ಮ ದೊಡ್ಡ ಇಂಗ್ಲಿಷ್ ನಿಘಂಟು ತಂದಾಗ ಮುನ್ನುಡಿಯಲ್ಲೇ ಈ ಮಾತು ಎತ್ತಿದರು. ಕ್ರಿಯಾಪದದ ಹಿಂದೆ ಒಂದು ಪುಟ್ಟ ಪದ ಸೇರಿಸಿ ಅರ್ಥ ತಿರುಗಿಸುವ ಅಭ್ಯಾಸ ತಮ್ಮ ಭಾಷೆಯಲ್ಲಿ ಬಹಳ ಇದೆ, ಹೊರಗಿನವರಿಗೆ ಅತಿ ಕಷ್ಟ ಆಗುವುದು ಅದೇ ಅಂತ ಬರೆದರು. ಇದಕ್ಕೆ ‘ಫ್ರೇಸಲ್ ವರ್ಬ್’ ಅನ್ನುವ ಹೆಸರು ಹರಡಿದ್ದು ಬಹಳ ತಡವಾಗಿ. 1925ರಲ್ಲಿ ಲೇಖಕ ಲೋಗನ್ ಪಿಯರ್ಸಲ್ ಸ್ಮಿತ್ ಅದನ್ನು ಬಳಸಿದರು. ಹೆಸರು ಕೊಟ್ಟವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಾಗಿದ್ದ ಹೆನ್ರಿ ಬ್ರಾಡ್ಲಿ ಅಂತ ಸ್ಮಿತ್ ಅವರೇ ಹೇಳಿದ್ದಾರೆ. ಹೆಸರು ಇಲ್ಲದ ಕಾಲದಲ್ಲೂ ಜನ ಆಡುತ್ತಲೇ ಇದ್ದರು.

ಜನ ಆಡುತ್ತಿದ್ದರು ಅನ್ನುವುದೇ ಮುಖ್ಯ. 1066ರ ನಂತರ ಇಂಗ್ಲೆಂಡನ್ನು ಫ್ರೆಂಚ್ ಮಾತಾಡುವ ದೊರೆಗಳು ಆಳಿದರು. ಕೋರ್ಟು, ಕಚೇರಿ, ಓದು ಎಲ್ಲ ಕಡೆ ಫ್ರೆಂಚ್ ಮತ್ತು ಲ್ಯಾಟಿನ್ ಮಾತುಗಳು ತುಂಬಿದವು. ಹಳ್ಳಿಯ ಜನ ಮಾತ್ರ ತಮ್ಮ ಗಿಡ್ಡ ಮಾತುಗಳನ್ನೇ ಒಂದಕ್ಕೊಂದು ಜೋಡಿಸಿಕೊಂಡು ಬದುಕಿದರು. ಅದಕ್ಕೇ ಇಂಗ್ಲಿಷಿನಲ್ಲಿ ಒಂದೇ ಕೆಲಸಕ್ಕೆ ಎರಡು ಮಾತು ಇರುತ್ತವೆ. ಕಾಗದದಲ್ಲಿ ‘ಕಲೆಕ್ಟ್’, ಬಾಯಲ್ಲಿ ‘ಪಿಕ್ ಅಪ್’. ಕಾಗದದಲ್ಲಿ ‘ರೆಸ್ಯೂಮ್’, ಬಾಯಲ್ಲಿ ‘ಪಿಕ್ ಅಪ್ ವೇರ್ ವಿ ಲೆಫ್ಟ್ ಆಫ್’. ನಮ್ಮಲ್ಲೂ ‘ಪುನರಾರಂಭಿಸಲಾಗುವುದು’ ಅನ್ನುವುದು ನೋಟಿಸಿನಲ್ಲಿ ಇರುತ್ತದೆ. ಮನೆಯಲ್ಲಿ ಯಾರೂ ಹಾಗೆ ಹೇಳಲ್ಲ, ‘ಬಿಟ್ಟಲ್ಲಿಂದ ಮತ್ತೆ ಶುರು ಮಾಡೋಣ’ ಅನ್ನುತ್ತಾರೆ. ನಮ್ಮ ಶಾಲೆಗಳಲ್ಲಿ ಕಲಿಸುವುದು ಮಾತ್ರ ಹೆಚ್ಚಾಗಿ ನೋಟಿಸಿನ ಇಂಗ್ಲಿಷ್. ನಾನೂ ವರ್ಷಗಟ್ಟಲೆ ಅದನ್ನೇ ಕಲಿಸಿದೆ. ಹಾಗಾಗಿ ‘ರೆಸ್ಯೂಮ್’ ಗೊತ್ತಿರುವ ಮಕ್ಕಳಿಗೆ ‘ಪಿಕ್ ಅಪ್’ ಗೊತ್ತಿರುವುದಿಲ್ಲ. ನಿಮಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಅಡುಗೆಮನೆ ಇಂಗ್ಲಿಷನ್ನು ನಿಮಗೆ ಯಾರೂ ಕೊಡಲಿಲ್ಲ.

ಕನ್ನಡ ಕಲಿಯುವ ಹೊರಗಿನವರ ಪಾಡೂ ಇದೇ. ‘ಹೂಮಳೆ ಕೈಕೊಟ್ಟಿತು’ ಅನ್ನುವುದನ್ನು ಒಬ್ಬ ಅಸ್ಸಾಮಿ ಹುಡುಗನಿಗೆ ಪದಪದವಾಗಿ ಬಿಡಿಸಿ ಹೇಳಿ ನೋಡಿ. ಮಳೆ ಬಂದು ಕೈ ಕೊಟ್ಟಿತು ಅಂದರೆ ಸಹಾಯ ಮಾಡಿತು ಅಂತಲೇ ಅವನು ತಿಳಿಯುತ್ತಾನೆ. ಮಾರ್ಚ್-ಏಪ್ರಿಲ್‌ನಲ್ಲಿ ಬರಬೇಕಾದ ಮಳೆ ಬರಲಿಲ್ಲ, ಕಾಫಿ ಹೂ ಸರಿಯಾಗಿ ಅರಳಲಿಲ್ಲ, ಬೆಳೆಗಾರ ತಲೆ ಮೇಲೆ ಕೈಹೊತ್ತು ಕೂತ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಕೈಕೊಡು, ಕೈಬಿಡು, ಕೈಹಿಡಿ, ಕೈಹಾಕು, ಒಂದೊಂದೂ ಒಂದೊಂದು ದಿಕ್ಕು. ‘ಎತ್ತು’ ನೋಡಿ: ಮಾತೆತ್ತು, ದನಿ ಎತ್ತು, ಚಂದಾ ಎತ್ತು, ಚೀಟಿ ದುಡ್ಡು ಎತ್ತು, ಜನ್ಮ ಎತ್ತು, ಆರತಿ ಎತ್ತು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಮಂಗಳೂರು, ಧಾರವಾಡಗಳ ಜೊತೆ ನಮ್ಮ ಮಡಿಕೇರಿಯಲ್ಲೂ ಕೆಲಸ ಮಾಡಿದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ನಿಮಗೆ ‘ಪಿಕ್ ಅಪ್’ ಹೇಗೋ, ಆ ಜರ್ಮನ್ ಮನುಷ್ಯನಿಗೆ ನಮ್ಮ ‘ಹಿಡಿ’, ‘ಎತ್ತು’ಗಳೂ ಹಾಗೆಯೇ ಇದ್ದಿರಬೇಕು. ಅವರು ಜನರನ್ನು ಕೇಳಿ ಕೇಳಿ ಬರೆದುಕೊಂಡರು. ನಿಮಗೂ ಅದೇ ದಾರಿ ಹೇಳುತ್ತೇನೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ‘ಪಿಕ್ ಅಪ್ ಅಂದರೆ ಒಂದು, ಎರಡು, ಮೂರು’ ಅಂತ ಅರ್ಥಗಳ ಪಟ್ಟಿ ಬರೆಯಬೇಡಿ. ಆ ಪಟ್ಟಿ ಪರೀಕ್ಷೆಯ ಹಿಂದಿನ ರಾತ್ರಿಗೆ ಮಾತ್ರ. ಅದರ ಬದಲು ಯಾವುದರ ಜೊತೆ ಬಂತು ಅಂತ ಬರೆಯಿರಿ: ರೇನ್, ವೆದರ್, ಬಿಲ್, ಫೋನ್, ಕೋಲ್ಡ್, ಹನಿ, ಲ್ಯಾಂಗ್ವೇಜ್. ಯಾರು ಹೇಳಿದರು, ಹೇಳಿ ಏನು ಮಾಡಿದರು ಅನ್ನುವುದನ್ನೂ ಒಂದು ಸಾಲು ಬರೆಯಿರಿ. ‘ರೇನ್, ಒಳಗೆ ಬಂದರು. ವೆದರ್, ಬೂಟು ಹಾಕಿಕೊಂಡರು.’ ನೀವು ಪ್ರಶ್ನೆಯಲ್ಲಿ ಬರೆದದ್ದೇ ಇದು. ಈ ಎರಡು ಸಾಲು ನೀವು ಎಂದೂ ಮರೆಯುವುದಿಲ್ಲ. ಪಕ್ಕದಲ್ಲಿರುವ ನಾಮಪದವೇ ಅರ್ಥ ಹೇಳುತ್ತದೆ. ಕ್ರಿಯಾಪದದ ಮುಖ ನೋಡುತ್ತಾ ಕೂತರೆ ಅದು ಏನೂ ಹೇಳುವುದಿಲ್ಲ.

ಇನ್ನು ಮಾತಾಡುವಾಗ ಎಡವುವ ಜಾಗಗಳು. ಮೊದಲನೆಯದು ಪದಗಳ ಜಾಗ. ‘ಪಿಕ್ ಅಪ್ ದ ಬ್ಯಾಗ್’ ಅನ್ನಬಹುದು, ‘ಪಿಕ್ ದ ಬ್ಯಾಗ್ ಅಪ್’ ಅಂತಲೂ ಅನ್ನಬಹುದು. ಎರಡೂ ಸರಿ. ಆದರೆ ಬ್ಯಾಗ್ ಬದಲು ‘ಇಟ್’, ‘ಮಿ’, ‘ಯೂ’, ‘ದೆಮ್’ ಬಂದರೆ ಅದು ನಡುವೆಯೇ ಕೂರಬೇಕು: ‘ಪಿಕ್ ಇಟ್ ಅಪ್’, ‘ಪಿಕ್ ಯೂ ಅಪ್’. ‘ಪಿಕ್ ಅಪ್ ಯೂ’ ಅಂದರೆ ಅವರಿಗೆ ಅರ್ಥ ಆಗುತ್ತದೆ, ಕಿವಿಗೆ ಮಾತ್ರ ಕಲ್ಲು ಸಿಕ್ಕಿದ ಅನ್ನದ ಹಾಗೆ. ಇದೊಂದು ನಿಯಮ ಬಾಯಿಗೆ ಕೂತರೆ ನಿಮ್ಮ ಇಂಗ್ಲಿಷಿನ ಓಟವೇ ಬದಲಾಗುತ್ತದೆ, ಯಾಕೆಂದರೆ ‘ಟರ್ನ್ ಇಟ್ ಆಫ್’, ‘ಡ್ರಾಪ್ ಯೂ ಆಫ್’ ಮುಂತಾದ ಎಷ್ಟೋ ಮಾತುಗಳಿಗೆ ಇದೇ ನಿಯಮ.

ಎರಡನೆಯದು ನಮ್ಮ ದೇಶದಲ್ಲೇ ಬೆಳೆದ ಅಭ್ಯಾಸ. ‘ಐ ವಿಲ್ ಪಿಕ್ ಯೂ ಅಟ್ ಫೈವ್’ ಅಂತ ನಾವೆಲ್ಲ ‘ಅಪ್’ ಬಿಟ್ಟು ಹೇಳುತ್ತೇವೆ. ‘ಹಿ ಈಸ್ ನಾಟ್ ಪಿಕಿಂಗ್ ಮೈ ಕಾಲ್’ ಅನ್ನುತ್ತೇವೆ. ಬೆಂಗಳೂರಿನ ಅತಿಥಿಗೆ ಹಾಗೆ ಹೇಳಿದರೆ ಏನೂ ತೊಂದರೆ ಇಲ್ಲ. ಅವರೂ ಹಾಗೇ ಹೇಳುತ್ತಾರೆ. ಇದನ್ನು ತಪ್ಪು ಅಂತ ಹೇಳಿ ಮಕ್ಕಳ ಬಾಯಿ ಮುಚ್ಚಿಸುವುದು ನನಗೆ ಇಷ್ಟವಿಲ್ಲ. ಆದರೆ ಲಂಡನ್ನಿನಿಂದ ಬಂದವರಿಗೆ ‘ಐ ವಿಲ್ ಪಿಕ್ ಯೂ’ ಅಂದರೆ ‘ನಿಮ್ಮನ್ನು ಆರಿಸುತ್ತೇನೆ’ ಅಂತ ಕೇಳಿಸುತ್ತದೆ. ಹತ್ತು ಜನರ ಗುಂಪಿನಲ್ಲಿ ಒಬ್ಬರಿಗೆ ಹಾಗೆ ಮೆಸೇಜ್ ಹೋದರೆ ಉಳಿದವರು ಗೊಂದಲವಾಗುತ್ತಾರೆ. ಹೊರದೇಶದವರಿಗೆ ಬರೆಯುವಾಗ ‘ಅಪ್’ ಹಾಕಿಬಿಡಿ. ಭಾರತದವರಿಗೂ ಅದು ಸರಿಯೇ.

ಮೂರನೆಯದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ನಿಮ್ಮಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿಗೂ ಇದು ಗೊತ್ತಿರಬೇಕು. ಬಾರ್, ಪಾರ್ಟಿ ಮಾತಿನ ನಡುವೆ ಒಬ್ಬ ವ್ಯಕ್ತಿಯನ್ನು ‘ಪಿಕ್ ಅಪ್’ ಮಾಡಿದೆ ಅಂದರೆ ಗುರುತಿಲ್ಲದವರ ಜೊತೆ ಸಂಬಂಧ ಬೆಳೆಸಿದೆ ಅನ್ನುವ ಅರ್ಥ ಬರುತ್ತದೆ. ಆದ್ದರಿಂದ ಜೀಪಿನ ಮಾತು ಬಂದಾಗ ಜಾಗ ಮತ್ತು ಹೊತ್ತು ಸೇರಿಸಿ ಹೇಳುವುದು ಒಳ್ಳೆಯದು: ‘ಅವರ್ ಡ್ರೈವರ್ ವಿಲ್ ಪಿಕ್ ಯೂ ಅಪ್ ಫ್ರಮ್ ದ ಬಸ್ ಸ್ಟ್ಯಾಂಡ್ ಅಟ್ ಫೈವ್.’ ಅಲ್ಲಿಗೆ ಬೇರೆ ಅರ್ಥಕ್ಕೆ ಜಾಗವೇ ಇಲ್ಲ.

ಇನ್ನೆರಡು ಚಿಕ್ಕವು. ‘ಪ್ಲೀಸ್ ಪಿಕ್ ಅಪ್ ಆಫ್ಟರ್ ಯುವರ್‌ಸೆಲ್ವ್ಸ್’ ಅಂದರೆ ನೀವು ಹರಡಿದ್ದನ್ನು ನೀವೇ ತೆಗೆದಿಡಿ. ಜಲಪಾತದ ದಾರಿಯಲ್ಲಿ ಪ್ಲಾಸ್ಟಿಕ್ ಬಿಸಾಡುವವರಿಗೆ ನಿಮ್ಮ ರೂಮಿನಲ್ಲಿ ಈ ಸಾಲು ಅಂಟಿಸಿಡಬಹುದು. ‘ಪಿಕ್ ಅಪ್ ಆನ್’ ಅಂದರೆ ಬಾಯಿಬಿಟ್ಟು ಹೇಳದಿದ್ದರೂ ಸೂಕ್ಷ್ಮವಾಗಿ ಗಮನಿಸುವುದು. ನೀವು ಮಳೆ ಮತ್ತು ವೆದರ್ ನಡುವಿನ ವ್ಯತ್ಯಾಸವನ್ನು ಗಮನಿಸಿದಿರಲ್ಲ, ಅದೇ.

ಅರ್ಥ ತಿಳಿದಿರಬೇಕು ಅಂತ ಹೇಳಿದ್ದೆಲ್ಲ ಬಳಸಬೇಕು ಅಂತಲ್ಲ. ನೀವು ದಿನಾ ಆಡಲು ಜೀಪು, ಫೋನು, ಮಳೆ, ಅಂಗಡಿ ಈ ನಾಲ್ಕು ಸಾಕು. ಉಳಿದದ್ದು ಕೇಳಿದಾಗ ಗೊತ್ತಾದರೆ ಆಯಿತು. ಮತ್ತೆ ಯಾರಾದರೂ ‘ಶಲ್ ವಿ ವೇಟ್ ಟಿಲ್ ಇಟ್ ಪಿಕ್ಸ್ ಅಪ್?’ ಅಂತ ಮೆಸೇಜ್ ಹಾಕಿದರೆ ‘ಇಟ್’ ಅಂದರೆ ಏನು ಅಂತ ಯೋಚಿಸಿ. ಜೋರು ಮಳೆಗೆ ಕಾಯುವವರು ಯಾರೂ ಇಲ್ಲ. ಅವರು ಹವೆ ಸುಧಾರಿಸುವುದಕ್ಕೆ ಕಾಯುತ್ತಿದ್ದಾರೆ. ಅನುಮಾನ ಬಂದರೆ ಸರಳವಾಗಿ ‘ಇಟ್ ಈಸ್ ಸ್ಟಿಲ್ ರೇನಿಂಗ್ ಹಾರ್ಡ್ ಹಿಯರ್, ಪ್ಲೀಸ್ ವೇಟ್’ ಅಂತ ಬರೆಯಿರಿ. ತಪ್ಪಾಗಲು ಸಾಧ್ಯವೇ ಇಲ್ಲ.

ಕೊನೆಗೆ ನಿಮ್ಮ ಬೋರ್ಡು. ಸೌಲಭ್ಯದ ಹೆಸರಾಗಿ ಬಂದರೆ ಒಂದೇ ಪದ, ‘ಪಿಕಪ್’. ನಡುವೆ ಒಂದು ಸಣ್ಣ ಗೆರೆ ಹಾಕಿ ಬರೆಯುವವರೂ ಇದ್ದಾರೆ, ಅದೂ ಸರಿ. ಹೇಳುವಾಗ ಒತ್ತು ಮೊದಲ ‘ಪಿಕ್’ ಮೇಲೆ. ಕಾಫಿ ಮೂಟೆ ಹೇರುವ ಗಾಡಿಗೆ ಪಿಕಪ್ ಅನ್ನುತ್ತೇವಲ್ಲ, ಹಾಗೆ. ಆದರೆ ‘ನಾವು ಕರೆದುಕೊಂಡು ಬರುತ್ತೇವೆ’ ಅಂತ ವಾಕ್ಯ ಬರೆದರೆ ಎರಡು ಪದ, ‘ವಿ ವಿಲ್ ಪಿಕ್ ಯೂ ಅಪ್’, ಒತ್ತು ಕೊನೆಯ ‘ಅಪ್’ ಮೇಲೆ. ಗೇಟಿನ ಬೋರ್ಡಿಗೆ ಮೊದಲನೆಯದು ಸಾಕು. ಪೇಂಟರ್‌ಗೆ ಹೀಗೆ ಬರೆದುಕೊಡಿ: ‘ಫ್ರೀ ಪಿಕಪ್ ಫ್ರಮ್ ಕಕ್ಕಬ್ಬೆ’. ಅದರ ಕೆಳಗೆ ಕನ್ನಡದಲ್ಲಿ: ‘ಕಕ್ಕಬ್ಬೆಯಿಂದ ಕರೆದುಕೊಂಡು ಬರಲು ಜೀಪು ಇದೆ’.